ಕಾಗದ ಬರೆದವನಿಗೆ ಕಾಗದ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ಕಡೆಗಳಲ್ಲಿ ಯಾವ ಮನೆಗೆ ಬೇಕಾದರೂ ಹೋಗಿ, ಟಿವಿಯ ಹಿಂದೆ ಸಿಕ್ಕಿಸಿಟ್ಟ ಮದುವೆ ಕಾಗದಗಳನ್ನು ಎಳೆದು ನೋಡಿ. ಅರ್ಧಕ್ಕರ್ಧ ಶೇಖರನ ಅಕ್ಷರದಲ್ಲೇ ಇರುತ್ತವೆ. ಬಂಟರ ಹುಡುಗನಿರಲಿ, ಬ್ಯಾರಿಗಳ ಹುಡುಗನಿರಲಿ, ಕೊಂಕಣಿಯವನಿರಲಿ, ತನ್ನ ಹೆಸರನ್ನು ಆ ಅಕ್ಷರದಲ್ಲಿ ನೋಡಿದ ಮೇಲೆಯೇ ತಾನು ಮದುಮಗ ಎಂದು ಅವನಿಗೆ ನಂಬಿಕೆ ಬರುವುದು. ಆ ಮದುವೆಗಳಲ್ಲಿ ಕೆಲವು ಮುರಿದುಬಿದ್ದದ್ದೂ ಉಂಟು. ಅದಕ್ಕೆ ಅಕ್ಷರ ಏನು ಮಾಡೀತು? ಅದು ತನ್ನ ಕೆಲಸವನ್ನು ಚೊಕ್ಕವಾಗಿಯೇ ಮಾಡಿತ್ತು.

ಆ ಅಕ್ಷರಶೈಲಿಯ ಹೆಸರು ‘ಓಲಗ’. ಮೆಲ್ಕಾರಿನ ಜಂಕ್ಷನ್ನಿನಲ್ಲಿರುವ ಅಜ್ಮಲನ ಮುದ್ರಣದ ಅಂಗಡಿಯಲ್ಲಿ ಅದು ಹುಟ್ಟಿತು. ಶೇಖರ ಮೊದಲು ಅಂಗಡಿಗಳ ಬೋರ್ಡು, ಯಕ್ಷಗಾನದ ಬ್ಯಾನರು ಬರೆಯುತ್ತಿದ್ದವನು. ಫ್ಲೆಕ್ಸ್ ಬಂದು ಕುಂಚದವರ ಹೊಟ್ಟೆಗೆ ಹೊಡೆದಾಗ ಅಜ್ಮಲ್ ಅವನನ್ನು ಕರೆದು, “ಮದುಮಕ್ಕಳ ಹೆಸರು ನೀವು ಕೈಯಲ್ಲಿ ಬರ್ದು ಕೊಡಿ ಶೇಖರಣ್ಣ, ಸ್ಕ್ಯಾನ್ ಮಾಡಿ ಕಾಗದಕ್ಕೆ ಹಾಕುವ” ಎಂದ. ಕಂಪ್ಯೂಟರಿನ ಮುಂದೆ ಕೂರುತ್ತಿದ್ದವಳು ದೀಪಶ್ರೀ, ವಾಮದಪದವಿನ ಹುಡುಗಿ, ಆಗಷ್ಟೇ ಡಿಗ್ರಿ ಮುಗಿಸಿದ್ದಳು. ಒಂದೇ ಹೆಸರಿನ ಹುಡುಗಿಯರು ಒಂದೇ ವಾರದಲ್ಲಿ ಸಾಲಾಗಿ ಮದುವೆಯಾಗಲು ಬಂದಾಗ ಅವಳಿಗೆ ತಲೆಕೆಟ್ಟಿತು.

“ಇದೆಂತದು, ಪ್ರತಿ ಸಲ ಹೊಸತು ಬರೆಯುವುದು? ಒಂದೊಂದೇ ಅಕ್ಷರ ಬರ್ದು ಕೊಡಿ. ನಾನು ಫಾಂಟ್ ಮಾಡ್ತೇನೆ.”

ಹೇಳುವಾಗ ಅವಳಿಗೂ ಗೊತ್ತಿರಲಿಲ್ಲ, ಕೇಳುವಾಗ ಅವನಿಗೂ ಗೊತ್ತಿರಲಿಲ್ಲ, ಅದು ಎಂಥ ಕೆಲಸ ಎಂದು. ಇಂಗ್ಲಿಷಿನವರದ್ದು ಬೇಗ ಮುಗಿಯುವ ಸಂಸಾರ. ನಮ್ಮದು ಹಾಗಲ್ಲ, ಪ್ರತಿ ಅಕ್ಷರಕ್ಕೂ ಗುಣಿತದ ಮಕ್ಕಳು, ಒತ್ತಿನ ಮೊಮ್ಮಕ್ಕಳು, ಒತ್ತಿಗೆ ಒತ್ತು ಕೊಟ್ಟರೆ ಮರಿಮಕ್ಕಳು. ಶೇಖರ ಬಿದಿರಿನ ಕಡ್ಡಿಯ ತುದಿಯನ್ನು ಓರೆಯಾಗಿ ಕೊಯ್ದು, ಮಸಿಯಲ್ಲಿ ಅದ್ದಿ, ಉಸಿರು ಹಿಡಿದು ಎಳೆಯುತ್ತಿದ್ದ. ತಲೆಕಟ್ಟು ತೆಳ್ಳಗೆ ಶುರುವಾಗಿ, ಬಲಕ್ಕೆ ಹೋಗುತ್ತ ಮೈತುಂಬಿ, ಕೊನೆಯಲ್ಲಿ ಮೇಲಕ್ಕೆ ಅರಳಿ ನಿಲ್ಲುತ್ತಿತ್ತು. ಓಲಗದ ವಾದ್ಯದ ಬಾಯಿಯ ಹಾಗೆ ಉಂಟು ಎಂದು ದೀಪಶ್ರೀಯೇ ಆ ಹೆಸರಿಟ್ಟಳು.

ಅವನು ಕಾಗದದಲ್ಲಿ ಎಳೆದ ಗೆರೆಯ ಅಂಚನ್ನು ಅವಳು ಪರದೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಹಿಡಿಯುತ್ತಿದ್ದಳು. ಹಿಡಿಯುವಾಗ ಜಗಳ. ಕೊಂಬು ಸ್ವಲ್ಪ ಸೊರಗಿದರೆ ಅವನು ಊಟ ಬಿಡುವುದು, ಒತ್ತು ಕೆಳಗಿನ ಸಾಲಿಗೆ ಕೂದಲೆಳೆಯಷ್ಟು ತಾಗಿದರೆ ಅವಳು ಮಾತು ಬಿಡುವುದು. ‘ಷ್ಟ್ರ’ ಬರೆಯಲು ಹೇಳಿದಾಗ ಅವನು ಕಡ್ಡಿ ಕೆಳಗಿಟ್ಟ.

“ಮಹಾರಾಷ್ಟ್ರ ಅಂತ ಯಾರ ಮಗಳಿಗೆ ಹೆಸರಿಟ್ಟಿದ್ದಾರೆ ಮಾರಾಯ್ತಿ?”

“ಮುಂಬೈಯಲ್ಲಿ ಹೋಟೆಲ್ ಇಟ್ಟವರೆಲ್ಲ ನಮ್ಮ ಗಿರಾಕಿಗಳೇ ಅಲ್ವಾ? ವಿಳಾಸ ಬೇಡ್ವಾ ಅವರಿಗೆ? ಬರೀರಿ.”

ಅವನು ಬರೆದ.

ದೀಪಶ್ರೀಗೆ ತಂದೆ ಇರಲಿಲ್ಲ, ಅವಳು ಶಾಲೆಗೆ ಹೋಗುತ್ತಿದ್ದಾಗಲೇ ತೀರಿಕೊಂಡಿದ್ದರು. ಶೇಖರನಿಗೆ ಯಾರೂ ಇರಲಿಲ್ಲ. ಮದುವೆ ಆಗಿರಲಿಲ್ಲ, ಇದ್ದ ತಾಯಿ ಹೋಗಿ ವರ್ಷಗಳಾಗಿದ್ದವು. ಬಂಟ್ವಾಳ ಪೇಟೆಯಲ್ಲಿ ಮುಚ್ಚಿದ ಜವಳಿ ಅಂಗಡಿಯೊಂದರ ಮಾಳಿಗೆಯಲ್ಲಿ ಅವನ ವಾಸ. ಮಳೆಗಾಲದಲ್ಲಿ ನೇತ್ರಾವತಿ ಮೆಟ್ಟಿಲ ಬುಡದವರೆಗೆ ಬಂದು ವಿಚಾರಿಸಿಕೊಂಡು ಹೋಗುವುದು ಬಿಟ್ಟರೆ ಬೇರೆ ಯಾರೂ ಅಲ್ಲಿಗೆ ಬರುವ ಪದ್ಧತಿ ಇರಲಿಲ್ಲ. ದೀಪಶ್ರೀಯ ತಾಯಿ ಅಮ್ಮಣ್ಣಿ ಮಗಳ ಬುತ್ತಿಯಲ್ಲಿ ದಿನವೂ ಇಬ್ಬರಿಗಾಗುವಷ್ಟು ತುಂಬಿ ಕಳಿಸುತ್ತಿದ್ದರು. ಬಸಳೆಯ ಗಸಿ ಇದ್ದ ದಿನ ಶೇಖರ ಬುತ್ತಿಯ ಮುಚ್ಚಳವನ್ನೂ ಬಿಡುತ್ತಿರಲಿಲ್ಲ. ಆ ವರ್ಷಗಳು ಅವನ ಬದುಕಿನ ಒಳ್ಳೆಯ ವರ್ಷಗಳು. ಇದನ್ನು ಸುತ್ತಿಬಳಸಿ ಹೇಳಬೇಕಾದ ಅಗತ್ಯವೇನೂ ಇಲ್ಲ.

ಓಲಗ ಮುಗಿಯಿತು, ಅಂಗಡಿಯಿಂದ ಅಂಗಡಿಗೆ ಹಬ್ಬಿತು. ದೀಪಶ್ರೀಗೆ ಮೂಡುಬಿದಿರೆಯ ಕಾಲೇಜೊಂದರಲ್ಲಿ ವಿನ್ಯಾಸ ಕಲಿಸುವ ಕೆಲಸ ಸಿಕ್ಕಿ ಅವಳು ಹೊರಟುಹೋದಳು. ಅವಳ ಕುರ್ಚಿಯಲ್ಲಿ ಬೇರೆಯವರು ಬಂದು ಕೂತರು. ಅವರು ಯಾರೂ ಜಗಳವಾಡುತ್ತಿರಲಿಲ್ಲ, ಶೇಖರ ಏನು ಹೇಳಿದರೂ “ಆಯ್ತು” ಎನ್ನುತ್ತಿದ್ದರು. ಅವನಿಗೆ ಅದಕ್ಕಿಂತ ದೊಡ್ಡ ಬೇಸರ ಬೇರೆ ಇರಲಿಲ್ಲ.

ಈಗ ಹೇಳಿಕೆಯ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದ್ದು ಹೊರಗಿನವರಿಗೆ ಅರ್ಥವಾಗಲಿಕ್ಕಿಲ್ಲ. ನಮ್ಮ ಕಡೆ ಮದುವೆಗೆ ಕರೆಯುವುದನ್ನು ಹೇಳಿಕೆ ಎನ್ನುತ್ತಾರೆ. ಕಾಗದ ಎಷ್ಟೇ ಚಂದ ಇರಲಿ, ಅದು ಹೇಳಿಕೆ ಅಲ್ಲ. ಮನೆಯವರು ಮನೆಗೆ ಬರಬೇಕು, ಕೂತುಕೊಳ್ಳಬೇಕು, ಕೊಟ್ಟ ಬೆಲ್ಲ ನೀರು ಕುಡಿಯಬೇಕು, ಎರಡು ಕೈಯಲ್ಲಿ ಕಾಗದ ಹಿಡಿದು ಬಾಯಿಬಿಟ್ಟು ಕರೆಯಬೇಕು. ಅಂಚೆಯಲ್ಲಿ ಬಂದ ಕಾಗದಕ್ಕೆ ಮೂತಿ ತಿರುಗಿಸುವವರು ಈಗಲೂ ಇದ್ದಾರೆ. ವಾಟ್ಸಾಪಿನಲ್ಲಿ ಕರೆದವನಿಗೆ ವಾಟ್ಸಾಪಿನಲ್ಲೇ ಊಟ ಮಾಡಿ ತೋರಿಸುತ್ತೇನೆ ಎಂದು ಹಟ ಹಿಡಿದವರನ್ನೂ ನೋಡಿದ್ದೇವೆ. ಹೇಳಿಕೆ ಇಲ್ಲದ ಮನೆಯಲ್ಲಿ ಎಲೆಯ ಮುಂದೆ ಕೂರಬಾರದು ಎಂದು ಶೇಖರನ ತಾಯಿ ಅವನಿಗೆ ಚಿಕ್ಕಂದಿನಲ್ಲೇ ಕಲಿಸಿದ್ದರು. ಬಡವರ ಮನೆಯಲ್ಲಿ ಇಂಥ ಪಾಠಗಳು ಸ್ವಲ್ಪ ಗಟ್ಟಿಯಾಗಿಯೇ ನಡೆಯುತ್ತವೆ.

ತಮಾಷೆಯೆಂದರೆ, ಅಷ್ಟು ಮದುವೆಗಳ ಕಾಗದ ಬರೆದ ಶೇಖರನಿಗೆ ಒಂದು ಮದುವೆಯ ಹೇಳಿಕೆಯೂ ಬರುತ್ತಿರಲಿಲ್ಲ. ಜನ ಕೆಟ್ಟವರೆಂದಲ್ಲ. ಕಟ್ಟು ಎತ್ತಿಕೊಂಡು ಹೋಗುವಾಗ “ಫಸ್ಟ್ ಕ್ಲಾಸ್ ಆಗಿದೆ” ಎಂದು ಹೊಗಳಿಯೇ ಹೋಗುತ್ತಿದ್ದರು. ಅವನೇ ಮಾಡಿದ ಕಾಗದವನ್ನು ಅವನ ಕೈಗೇ ಕೊಡುವುದು ಯಾರಿಗೂ ಹೊಳೆಯುತ್ತಿರಲಿಲ್ಲ, ಅಷ್ಟೇ. ಹೊಳೆದರೂ ನಾಚಿಕೆಯಾಗುತ್ತಿತ್ತೇನೋ. ಶೇಖರ ಅದನ್ನು ಮನಸ್ಸಿಗೆ ಹಚ್ಚಿಕೊಂಡವನಲ್ಲ. ಹಚ್ಚಿಕೊಂಡಿಲ್ಲ ಎಂದು ಅವನೇ ಅಂದುಕೊಂಡಿದ್ದ.

ಹೋದ ವರ್ಷ ಫೆಬ್ರವರಿಯಲ್ಲಿ ದೀಪಶ್ರೀ ಅಂಗಡಿಗೆ ಬಂದಳು. ಬಂದವಳೇ ಹಳೆಯ ಕುರ್ಚಿಯಲ್ಲಿ ಕೂತಿದ್ದವರನ್ನು ಎಬ್ಬಿಸಿ ತಾನು ಕೂತು, “ಶೇಖರಣ್ಣ, ನನ್ನ ಕಾಗದ” ಎಂದಳು. ಹುಡುಗ ಬೆಳ್ತಂಗಡಿಯವನು, ಹೆಸರು ಶ್ರವಣ್, ಅದೇ ಕಾಲೇಜಿನಲ್ಲಿ ಲೆಕ್ಕ ಕಲಿಸುವವನು. ಮದುವೆ ಏಪ್ರಿಲ್ ಕೊನೆಗೆ, ಮೂಡುಬಿದಿರೆಯ ಸಭಾಭವನದಲ್ಲಿ.

ಶೇಖರ ಎದ್ದು, ಬಿದಿರಿನ ಹೊಸ ಕಡ್ಡಿ ಕೊಯ್ಯಲು ಕೂತ. ಓಲಗ ಇದ್ದರೂ ಅವಳ ಹೆಸರನ್ನು ಅದರಲ್ಲಿ ಹಾಕಲು ಅವನಿಗೆ ಮನಸ್ಸು ಬರಲಿಲ್ಲ. ದೀಪಶ್ರೀಯಲ್ಲೂ ‘ಶ್ರ’ ಉಂಟು, ಶ್ರವಣ್‌ನಲ್ಲೂ ‘ಶ್ರ’ ಉಂಟು. ಅವಳ ಹೆಸರಿನ ಅಡಿಯಲ್ಲಿ ಬಳುಕುವ ರಕಾರದ ಒತ್ತು ಅಲ್ಲಿಗೇ ನಿಲ್ಲದೆ, ಕೆಳಗೆ ಇಳಿದು, ಅವನ ಹೆಸರಿನ ಬುಡಕ್ಕೆ ಹೋಗಿ ಅಲ್ಲಿಯೂ ಒತ್ತಾಗಬೇಕು. ನಡುವೆ ಕಡ್ಡಿ ಎತ್ತಬಾರದು, ಮಸಿ ಒಣಗಬಾರದು, ಕೈ ನಡುಗಬಾರದು. ಐವತ್ತು ದಾಟಿದ ಕೈ, ನಡುಗದೆ ಇರುತ್ತದೆಯೇ? ಅಂಗಡಿಯ ನೆಲವೆಲ್ಲ ಹಾಳಾದ ಕಾಗದ. ಅಜ್ಮಲ್ ಗೊಣಗಲಿಲ್ಲ, ಹೊಸ ಕಟ್ಟು ಒಡೆದು ಕೊಟ್ಟ. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಗೆರೆ ಸರಿಯಾಗಿ ಬಂತು. ಬಂದದ್ದು ಕೈಗೆ ಮೊದಲು ತಿಳಿಯಿತು, ಕಣ್ಣಿಗೆ ಆಮೇಲೆ.

ದೀಪಶ್ರೀ ನೋಡಿ ಬಾಯಿಗೆ ಕೈ ಹಿಡಿದಳು. ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡು, “ಇದು ಫಾಂಟಿಗೆ ಬೇಡ. ಇದು ನಂಗೆ ಮಾತ್ರ” ಎಂದಳು.

“ಫಾಂಟಿಗೆ ಹಾಕ್ಲಿಕ್ಕೆ ನಿನ್ನ ಬಿಟ್ರೆ ಯಾರಿಗೆ ಬರ್ತದೆ?” ಎಂದ ಶೇಖರ. ಅವನಿಗೆ ಅಷ್ಟು ಸಂತೋಷವಾಗಿತ್ತು.

ಕಾಗದ ಅಚ್ಚಾಗಿ ಬಂದ ದಿನ ಮಧ್ಯಾಹ್ನ ಅವಳು ಮತ್ತೆ ಬಂದಳು. ಅಜ್ಮಲ್ ಲೆಕ್ಕದ ಮೇಜಿನ ಹಿಂದೆ ಇದ್ದ. ಅವಳು ಹೊಸ ಕಟ್ಟಿನಿಂದ ಒಂದು ಕಾಗದ ಎಳೆದು, ಚಪ್ಪಲಿ ಬದಿಗೆ ಬಿಟ್ಟು, ಎರಡು ಕೈಯಲ್ಲಿ ಹಿಡಿದು ಅವನಿಗೆ ಕೊಟ್ಟಳು.

“ಅಜ್ಮಲಣ್ಣ, ಮದುವೆಗೆ ಬರ್ಬೇಕು. ಹಫ್ಸಕ್ಕನನ್ನು, ಮಕ್ಕಳನ್ನು ಕರ್ಕೊಂಡು ಬರ್ಬೇಕು. ಮನೆಗೂ ಅಮ್ಮ ಬಂದು ಹೇಳ್ತಾರೆ.”

“ಬರದೆ ಇರ್ತೇವಾ? ನಮ್ಮ ಅಂಗಡಿಯ ಹುಡುಗಿ” ಎಂದು ಅಜ್ಮಲ್ ಎದ್ದು ನಿಂತು ತೆಗೆದುಕೊಂಡ.

ಶೇಖರ ತನ್ನ ಮೇಜಿನಲ್ಲಿ ಮಸಿಯ ಕೈಯನ್ನು ಬಟ್ಟೆಗೆ ಒರೆಸಿಕೊಂಡ. ಒರೆಸಿದ ಕೈಯನ್ನು ಮತ್ತೊಮ್ಮೆ ಒರೆಸಿದ. ದೀಪಶ್ರೀ ಅವನ ಕಡೆ ತಿರುಗಿದಳು, ಲಕೋಟೆಗಳ ಕಟ್ಟನ್ನು ತಂದು ಅವನ ಮುಂದೆ ಇಟ್ಟಳು.

“ಹೆಸರು ಬರೀಲಿಕ್ಕೆ ಉಂಟು ಶೇಖರಣ್ಣ. ಪ್ರಿಂಟ್ ಬೇಡ, ಎಲ್ಲ ನಿಮ್ಮ ಕೈಯಲ್ಲೇ ಆಗ್ಬೇಕು. ನಾನು ಓದ್ತೇನೆ, ನೀವು ಬರೀರಿ.”

ಅವಳು ಕುರ್ಚಿ ಎಳೆದು ಪಕ್ಕದಲ್ಲಿ ಕೂತು ಫೋನು ನೋಡಿ ಹೆಸರು ಓದತೊಡಗಿದಳು. ಮೊದಲು ಊರಿನ ಹಿರಿಯರು, ಆಮೇಲೆ ಸೋದರಮಾವನ ಕಡೆಯವರು, ತಂದೆಯ ಕಡೆಯವರು, ನೆರೆಕರೆಯವರು, ಶಾಲೆಯ ಟೀಚರುಗಳು, ಹಾಲಿನ ಡಿಪೋದವರು. ಶೇಖರ ಬರೆಯುತ್ತ ಹೋದ. ಬಂಟ್ವಾಳ ಪೇಟೆಯವರು ಎಂದು ಅವಳು ಶುರುಮಾಡಿದಾಗ ಅವನು ಕೂತಲ್ಲೇ ಸ್ವಲ್ಪ ನೆಟ್ಟಗಾದ. ಜವಳಿಯವರು, ಬಂಗಾರದ ಕೆಲಸದವರು, ಅವನ ಕೋಣೆಯ ಎದುರುಗಡೆಯ ಔಷಧಿ ಅಂಗಡಿಯವರು ಬಂದರು. ಮುಂದಿನದ್ದು ತನ್ನದು ಎಂದು ಅವನು ಕಡ್ಡಿಯನ್ನು ಹೊಸತಾಗಿ ಮಸಿಯಲ್ಲಿ ಅದ್ದಿಕೊಂಡ. ತನ್ನ ಹೆಸರನ್ನು ತಾನೇ ಬರೆಯುವಾಗ ‘ಖ’ವನ್ನು ಹೇಗೆ ತಿರುಗಿಸಬೇಕು ಎಂದೂ ಯೋಚಿಸಿದ. ದೀಪಶ್ರೀ ಮೆಲ್ಕಾರಿಗೆ ದಾಟಿದಳು.

ಕೊನೆಯ ಲಕೋಟೆ ಒಣಗಲು ಇಟ್ಟ ಮೇಲೆ ಅವನು ಕೇಳಿದ, “ಯಾರನ್ನಾದ್ರೂ ಬಿಟ್ಟಿದ್ದೀಯಾ ನೋಡು.”

ಅವಳು ಫೋನನ್ನು ಮೇಲೆ ಕೆಳಗೆ ತಳ್ಳಿ ನೋಡಿದಳು. “ಇಲ್ಲ, ಎಲ್ಲ ಆಯ್ತು. ಇನ್ನು ಗೇಟಿನ ಬೋರ್ಡಿನದ್ದು ನೀವೇ ನೋಡಿಕೊಳ್ಳಿ ಆಯ್ತಾ? ಬೇರೆಯವರಿಗೆ ಕೊಟ್ರೆ ಹಾಳು ಮಾಡ್ತಾರೆ.”

“ನೋಡಿಕೊಳ್ತೇನೆ” ಎಂದ ಶೇಖರ.

ಆಗಲೇ ಬಾಯಿಬಿಟ್ಟು ಕೇಳಬಹುದಿತ್ತು. “ನನ್ನದೆಲ್ಲಿ?” ಎಂದು ಒಂದು ಮಾತು. ನಗುತ್ತಲೇ ಕೇಳಬಹುದಿತ್ತು. ಆದರೆ ಹೇಳಿಕೆಯನ್ನು ಕೇಳಿ ಪಡೆದರೆ ಅದು ಹೇಳಿಕೆಯೇ? ಹಾಗೆ ಕೇಳುವ ಜಾತಿಯವನಾಗಿದ್ದರೆ ಶೇಖರ ಐವತ್ತು ದಾಟುವವರೆಗೆ ಒಂಟಿಯಾಗಿ ಇರುತ್ತಲೂ ಇರಲಿಲ್ಲ.

ಮನೆಗೆ ಬಂದು ಹೇಳುವುದು ಕ್ರಮ, ಅಂಗಡಿಯಲ್ಲಿ ಕೊಟ್ಟರೆ ಮರ್ಯಾದೆಯಲ್ಲ ಎಂದು ಬಿಟ್ಟಿರಬೇಕು ಎಂದು ಅವನು ಲೆಕ್ಕ ಹಾಕಿದ. ಆ ಲೆಕ್ಕದಲ್ಲಿ ಎಷ್ಟೋ ದಿನ ತಳ್ಳಿದ. ಎದುರಿನ ಔಷಧಿ ಅಂಗಡಿಯಿಂದ ಇನ್ನೊಂದು ಕುರ್ಚಿ ತಂದು ಕೋಣೆಯಲ್ಲಿಟ್ಟ. ತಾಯಿಯ ಕಾಲದ ಹಿತ್ತಾಳೆಯ ಚೊಂಬನ್ನು ಹುಣಸೆಹುಳಿ ಹಾಕಿ ತಿಕ್ಕಿದ, ಬೆಲ್ಲ ತಂದು ಡಬ್ಬಿಯಲ್ಲಿಟ್ಟು ಇರುವೆ ಬಾರದಂತೆ ನೀರಿನ ತಟ್ಟೆಯಲ್ಲಿಟ್ಟ. ಭಾನುವಾರ ಹೊರಗೆ ಹೋಗುವುದನ್ನು ನಿಲ್ಲಿಸಿದ. ಮೆಟ್ಟಿಲಲ್ಲಿ ಸಪ್ಪಳವಾದರೆ ಅಂಗಿ ಹಾಕಿಕೊಳ್ಳುತ್ತಿದ್ದ. ಒಂದು ದಿನ ಅಮ್ಮಣ್ಣಿ ಮತ್ತು ಅವರ ತಮ್ಮ ರಿಕ್ಷಾದಿಂದ ಇಳಿದು ಎದುರಿನ ಔಷಧಿ ಅಂಗಡಿಗೆ ಹೋಗುವುದು ಕಿಟಕಿಯಿಂದ ಕಂಡಿತು. ಲಕೋಟೆಯೂ ಕಂಡಿತು, ಅವನೇ ಬರೆದದ್ದು. ಅವನು ಓಡಿಹೋಗಿ ಚೊಂಬಿಗೆ ನೀರು ತುಂಬಿಸಿದ. ಅಮ್ಮಣ್ಣಿ ಹೊರಗೆ ಬಂದು, ಮಾಳಿಗೆಯತ್ತ ನೋಡಿ, ಕಿಟಕಿಯಲ್ಲಿ ಅವನನ್ನು ಕಂಡು ನಕ್ಕು ಕೈ ಬೀಸಿದರು. ರಿಕ್ಷಾ ಹತ್ತಿ ಹೊರಟುಹೋದರು.

ಶೇಖರನೂ ಕೈ ಬೀಸಿದ. ಆಮೇಲೆ ಕೂತು ಬೆಲ್ಲ ಕಚ್ಚಿ ಆ ನೀರನ್ನು ತಾನೇ ಕುಡಿದ. ತನಗೆ ಅಳು ಬರುತ್ತಿದೆ ಎಂದು ತಿಳಿದು ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಮದುವೆಯ ದಿನ ಬೆಳಿಗ್ಗೆ ಅವನು ಮೊದಲ ಬಸ್ಸಿಗೆ ಮೂಡುಬಿದಿರೆಗೆ ಹೋದ. ಒಪ್ಪಿಕೊಂಡ ಕೆಲಸ, ಬೋರ್ಡು ಕಟ್ಟಿಸಬೇಕು. ಬಿಳಿ ಬಟ್ಟೆಯ ಮೇಲೆ ಹೂವಿನ ಚೌಕಟ್ಟು, ನಡುವೆ ದೊಡ್ಡದಾಗಿ ಆ ಎರಡು ಹೆಸರು, ಅಡಿಯಲ್ಲಿ ಹರಿಯುವ ಒಂದೇ ಗೆರೆ. ಕಟ್ಟುವವರು ಒಂದು ಬದಿ ಜಗ್ಗಿಸಿ ಕಟ್ಟಿದ್ದನ್ನು ಬಿಚ್ಚಿಸಿ ಸರಿಮಾಡಿಸಿದ. ರಸ್ತೆಯ ಆಚೆ ಹೋಗಿ ನಿಂತು ನೋಡಿದ. ಬೋರ್ಡು ಚಂದ ಇತ್ತು. ತಾನು ಬರೆದದ್ದರಲ್ಲಿ ಇದಕ್ಕಿಂತ ಚಂದದ್ದು ಇಲ್ಲ ಎಂದು ಅವನಿಗೆ ಗೊತ್ತಿತ್ತು.

ಅಷ್ಟರಲ್ಲಿ ಜನ ಬರತೊಡಗಿದರು. ಬಂದವರೆಲ್ಲ ಬೋರ್ಡಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. ಗೇಟಿನಲ್ಲಿ ಮಲ್ಲಿಗೆಯ ತಟ್ಟೆ, ಪನ್ನೀರು ಹಿಡಿದು ನಿಂತಿದ್ದ ಹುಡುಗಿಯೊಬ್ಬಳು ಅವನು ಅಲ್ಲೇ ಸುಳಿಯುವುದನ್ನು ನೋಡಿ, “ಒಳಗೆ ಬನ್ನಿ ಅಂಕಲ್” ಎಂದಳು.

“ಇಲ್ಲಮ್ಮ. ನಾನು ಬೋರ್ಡಿನವ” ಎಂದ ಶೇಖರ.

ಒಳಗೆ ಓಲಗ ಶುರುವಾಯಿತು. ಅವನು ಬಸ್‌ಸ್ಟ್ಯಾಂಡಿನ ಕಡೆ ನಡೆದು ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತ. ಇನ್ನೂ ಊಟ ಆಗಿಲ್ಲ, ಹತ್ತೂವರೆಯಷ್ಟೇ, ಇಡ್ಲಿ ಉಂಟು ಎಂದರು. ಇಡ್ಲಿ ತಿಂದ. ಫೋನಿನಲ್ಲಿ ಅಜ್ಮಲನ ಕರೆ ಬಂತು, ಮತ್ತೆ ಬಂತು, ಆಮೇಲೆ ಗುರುತಿಲ್ಲದ ನಂಬರಿನಿಂದ ಬಂತು. ಬೋರ್ಡು ಬಿದ್ದಿರಬಹುದು, ಬಿದ್ದರೆ ಬೀಳಲಿ ಎಂದು ಅವನು ಫೋನನ್ನು ಮೌನಕ್ಕೆ ಹಾಕಿ ಜೇಬಿಗಿಟ್ಟ. ಅಂಥ ಮಾತನ್ನು ಅವನು ತನ್ನ ಅಕ್ಷರದ ಬಗ್ಗೆ ಅದುವರೆಗೆ ಯೋಚಿಸಿರಲಿಲ್ಲ.

ಮದುವೆಯಾಗಿ ಒಂದು ವಾರದೊಳಗೆ ದೀಪಶ್ರೀ ಮಾಳಿಗೆಯ ಮೆಟ್ಟಿಲು ಹತ್ತಿ ಬಂದಳು. ಹಿಂದೆ ಶ್ರವಣ್. ಶೇಖರ ಅಂಗಿ ಹುಡುಕುವಷ್ಟರಲ್ಲಿ ಅವಳು ಒಳಗೇ ನಿಂತಿದ್ದಳು. ಕೈಯಲ್ಲಿ ಹೊಸ ಬಳೆ, ಮುಖ ಕೆಂಪು.

“ಎಲ್ಲಿ ಹೋಗಿದ್ರಿ ನೀವು?”

“ಎಲ್ಲಿಗೆ?”

“ನನ್ನ ಮದುವೆ ದಿನ ಎಲ್ಲಿ ಹೋಗಿದ್ರಿ ಅಂತ ಕೇಳ್ತಾ ಇದ್ದೇನೆ. ಧಾರೆಯ ನೀರಿನ ಗಿಂಡಿ ಎಲ್ಲರ ಮುಂದೆ ಹೋಗ್ತಾ ಇತ್ತು. ಹಿರಿಯರೆಲ್ಲ ಮುಟ್ಟಿದ್ರು. ನೀವು ಮುಟ್ಟದೆ ನೀರು ಹೊಯ್ಯುವುದು ಬೇಡ ಅಂತ ನಾನು ಸೋದರಮಾವನಿಗೆ ಮೊದಲೇ ಹೇಳಿದ್ದೆ. ಅಪ್ಪನ ಜಾಗದಲ್ಲಿ ನಿಮ್ಮನ್ನು ನಿಲ್ಲಿಸುವ ಅಂತ ಅಮ್ಮನೂ ಹೇಳಿದ್ದು. ಅಜ್ಮಲಣ್ಣ ಫೋನ್ ಮಾಡಿದ್ರು, ಮಾವ ಮಾಡಿದ್ರು. ಮುಹೂರ್ತ ಮೀರ್ತದೆ ಅಂತ ಪುರೋಹಿತರು ಬೈದ್ರು. ನಾನು ಕೈ ಹಿಡ್ಕೊಂಡು ಬಾಗಿಲು ನೋಡ್ತಾ ನಿಂತಿದ್ದೆ ಶೇಖರಣ್ಣ.”

ಶೇಖರ ಹೇಳಿದ್ದು ಇಷ್ಟೇ, “ಹೇಳಿಕೆ ಇರ್ಲಿಲ್ಲ.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅಲ್ಲಿದ್ದ ಎರಡನೆಯ ಕುರ್ಚಿಯಲ್ಲಿ ಕುಸಿದು ಕೂತಳು.

“ಮನೆಯವರಿಗೆ ಯಾರಾದ್ರೂ ಹೇಳಿಕೆ ಕೊಡ್ತಾರಾ? ಅಮ್ಮನಿಗೆ ನಾನು ಕಾಗದ ಕೊಟ್ಟಿದ್ದೇನಾ? ನಿಮ್ಮ ಕೈಯಲ್ಲಿ ಬರ್ದ ಕಾಗದವನ್ನು ನಿಮಗೇ ಕೊಟ್ಟು, ಬನ್ನಿ ಅಂತ ಹೇಗೆ ಹೇಳುವುದು ನಾನು? ನಾಚಿಕೆ ಆಗುದಿಲ್ವಾ?”

ಅದೂ ನಮ್ಮ ಕಡೆಯ ಕ್ರಮವೇ. ಹೊರಗಿನವರನ್ನು ಕರೆಯದೆ ಬಿಟ್ಟರೆ ಅವಮಾನ, ಒಳಗಿನವರನ್ನು ಕರೆದರೆ ಅವಮಾನ. ಎರಡರ ನಡುವಿನ ಗೆರೆ ಎಲ್ಲಿ ಉಂಟೆಂದು ಯಾರೂ ಯಾರಿಗೂ ಹೇಳುವುದಿಲ್ಲ, ಗೊತ್ತಿರಬೇಕು. ಕೂದಲೆಳೆಯಷ್ಟು ಗೆರೆ ಸರಿದರೂ ಕಾಣುತ್ತಿದ್ದ ಶೇಖರನಿಗೆ ಇದು ಕಂಡಿರಲಿಲ್ಲ.

“ಒಂದು ಮಾತು ಹೇಳಿದ್ರೆ ಗೊತ್ತಾಗ್ತಿತ್ತು” ಎಂದ.

“ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ” ಎಂದಳು.

ಇಬ್ಬರದ್ದೂ ಸರಿ. ಸರಿಯಾದದ್ದರಿಂದಲೇ ಮುಂದೆ ಮಾತು ಹೋಗಲಿಲ್ಲ. ಶ್ರವಣ್ ಒಳ್ಳೆಯ ಹುಡುಗ, ಏನಾದರೂ ಹೇಳಬೇಕೆಂದು “ನಿಮ್ಮ ಬೋರ್ಡ್ ಎಲ್ಲರಿಗೂ ತುಂಬ ಇಷ್ಟ ಆಯ್ತು ಸರ್” ಎಂದ. ದೀಪಶ್ರೀ ಕಣ್ಣೊರೆಸಿಕೊಂಡು ಎದ್ದಳು. ಶೇಖರ ಚೊಂಬು ಹಿಡಿದುಕೊಂಡು, “ಬೆಲ್ಲ ಉಂಟು, ನೀರು ಕುಡಿದು ಹೋಗಿ” ಎಂದ. ಅವಳು ನಿಂತುಕೊಂಡೇ ಕುಡಿದು, ಅವನ ಕಾಲು ಮುಟ್ಟಿ ನಮಸ್ಕರಿಸಿ, ಮೆಟ್ಟಿಲಿಳಿದಳು. ಮುಹೂರ್ತ ಎನ್ನುವುದು ಒಂದು ಸಲ ದಾಟಿದರೆ ದಾಟಿತು. ಗಿಂಡಿಯ ನೀರನ್ನು ಯಾರೂ ಎರಡನೆಯ ಸಲ ಹೊಯ್ಯುವುದಿಲ್ಲ.

ಮಳೆಗಾಲ ಬಂತು, ಹೋಯಿತು. ದೀಪಶ್ರೀ ಆಗಾಗ ಫೋನು ಮಾಡುತ್ತಿದ್ದಳು. ಆರೋಗ್ಯ ವಿಚಾರಿಸುತ್ತಿದ್ದಳು, ಹೊಳೆ ಎಲ್ಲಿವರೆಗೆ ಬಂತು ಎಂದು ಕೇಳುತ್ತಿದ್ದಳು. ಜಗಳ ಮಾತ್ರ ಆಡುತ್ತಿರಲಿಲ್ಲ. ಶೇಖರನೇ ಒಂದು ಸಲ ಬೇಕೆಂದೇ, ಓಲಗದ ‘ಳ’ದ ಬಾಲವನ್ನು ಗಿಡ್ಡ ಮಾಡಬೇಕು ಎಂದುಕೊಂಡಿದ್ದೇನೆ ಎಂದ. ಮೊದಲಾಗಿದ್ದರೆ ಅವಳು ಮೆಲ್ಕಾರು ಹಾರಿಹೋಗುವಷ್ಟು ಕೂಗುತ್ತಿದ್ದಳು. ಈಗ “ನಿಮಗೆ ಹೇಗೆ ಸರಿ ಕಾಣ್ತದೋ ಹಾಗೆ ಮಾಡಿ ಶೇಖರಣ್ಣ” ಎಂದಳು. ಅವನು ಫೋನಿಟ್ಟ. ‘ಳ’ದ ಬಾಲವನ್ನು ಮುಟ್ಟಲಿಲ್ಲ.

ಈ ವರ್ಷ ಜನವರಿಯಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಇಬ್ಬರೂ ಬಂದರು. ಮೊದಲೇ ಫೋನು ಮಾಡಿ, ಎಷ್ಟು ಹೊತ್ತಿಗೆ ಬಂದರೆ ಆಗ್ತದೆ ಎಂದು ಕೇಳಿಯೇ ಬಂದಿದ್ದರು. ದೀಪಶ್ರೀ ರೇಷ್ಮೆ ಸೀರೆ ಉಟ್ಟಿದ್ದಳು. ಬಾಗಿಲಲ್ಲಿ ನಿಂತು, ಅವನು “ಬಾ” ಎಂದ ಮೇಲೆ ಒಳಗೆ ಬಂದಳು. ಕುರ್ಚಿಯ ತುದಿಯಲ್ಲಿ ಕೂತಳು. ಬೆಳ್ತಂಗಡಿಯಲ್ಲಿ ಹೊಸ ಮನೆ ಕಟ್ಟಿದ್ದಾರೆ, ಮುಂದಿನ ತಿಂಗಳು ಮನೆಯೊಕ್ಕಲು ಎಂದು ಶ್ರವಣ್ ಹೇಳಿದ. ಶೇಖರ ಬೆಲ್ಲ, ನೀರು ತಂದಿಟ್ಟ. ಇಬ್ಬರೂ ಕುಡಿದು ಲೋಟ ಕೆಳಗಿಟ್ಟರು.

ಆಮೇಲೆ ದೀಪಶ್ರೀ ಎದ್ದು, ಸೆರಗು ಸರಿಮಾಡಿಕೊಂಡು, ಚೀಲದಿಂದ ಒಂದು ಲಕೋಟೆ ತೆಗೆದಳು. ಮೇಲೆ ‘ಶ್ರೀ ಶೇಖರ ಮತ್ತು ಮನೆಯವರು, ಬಂಟ್ವಾಳ’ ಎಂದು ಅಚ್ಚಾಗಿತ್ತು. ಎರಡು ಕೈಯಲ್ಲಿ ಹಿಡಿದು ಮುಂದೆ ಚಾಚಿದಳು. ಅವನೂ ಎದ್ದು ಎರಡು ಕೈಯಲ್ಲಿ ತೆಗೆದುಕೊಂಡ.

ಬಿಚ್ಚಿ ನೋಡಿದ. ಅಕ್ಷರ ಓಲಗದ್ದಲ್ಲ. ಕಂಪ್ಯೂಟರಿನೊಂದಿಗೆ ಪುಕ್ಕಟೆ ಬರುವ ಯಾವುದೋ ದಪ್ಪ ಅಕ್ಷರ. ಅವಳ ಹೆಸರಿನ ಒತ್ತು ಕೆಳಗಿನ ಸಾಲಿನ ತಲೆಗೆ ಹೋಗಿ ತಾಗಿತ್ತು, ‘ಗೃಹಪ್ರವೇಶ’ದ ವಟ್ರಸುಳಿಯೂ ಒತ್ತೂ ಪಕ್ಕದ ಅಕ್ಷರಗಳ ಮೇಲೆ ಹತ್ತಿ ಕೂತಿದ್ದವು. ಕೂದಲೆಳೆಗೆ ಮಾತು ಬಿಡುತ್ತಿದ್ದ ಹುಡುಗಿ ಇದನ್ನು ನೋಡಿ, ಆಗಲಿ ಎಂದು ಹೇಳಿ, ಅಚ್ಚು ಹಾಕಿಸಿದ್ದಳು.

ಅವನು ತಲೆಯೆತ್ತಿದಾಗ ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

“ಬೆಳ್ತಂಗಡಿಯಲ್ಲೇ ಮಾಡಿಸಿದೆ ಶೇಖರಣ್ಣ. ನಿಮ್ಮ ಹತ್ರ ಮಾಡಿಸಿದ್ರೆ ನಿಮಗೆ ಕೊಡ್ಲಿಕ್ಕೆ ಆಗುದಿಲ್ಲ ಅಲ್ವಾ? ಇನ್ನೊಂದು ಸಲ ತಪ್ಪಾಗ್ಬಾರ್ದು ಅಂತ.” ಆಮೇಲೆ ಪಾಠ ಒಪ್ಪಿಸುವವರ ಹಾಗೆ ನೆಟ್ಟಗೆ ನಿಂತು ಹೇಳಿದಳು, “ಒಕ್ಕಲಿಗೆ ಬರ್ಬೇಕು. ಹಿಂದಿನ ದಿನವೇ ಬರ್ಬೇಕು. ಮನೆಯವರೆಲ್ಲ ಬರ್ಬೇಕು.”

ಯಾವ ತಪ್ಪೂ ಇಲ್ಲದ ಹೇಳಿಕೆ. ಶೇಖರ ಇಷ್ಟು ವರ್ಷ ಇದನ್ನೇ ಕಾದಿದ್ದ. ಕೈಯಲ್ಲಿ ಕಾಗದ ಇತ್ತು, ಎದುರಿಗೆ ರೇಷ್ಮೆಯುಟ್ಟ ಹುಡುಗಿ ಉತ್ತರಕ್ಕೆ ಕಾಯುತ್ತಿದ್ದಳು, ಹೇಳಿಕೆಗೆ ಯಾವ ಉತ್ತರ ಕೊಡುವುದು ಕ್ರಮ ಎಂದು ಅವನಿಗೆ ಗೊತ್ತಿತ್ತು.

“ಆಯ್ತಮ್ಮ” ಎಂದ. “ಎಲ್ಲರೂ ಬರ್ತೇವೆ.”